ಕಿವಿಗೆ ಹಸಿವಾದಾಗ

ಕುಡಿಯುವುದನ್ನು ಬಿಟ್ಟು 11 ತಿಂಗಳಾಯಿತು. ದೊಡ್ಡ ಕಥೆಯೇನೂ ಇಲ್ಲ. ವಾರಕ್ಕೆ ಮೂರು ಸಂಜೆ, ಸಂಜೆಗೆ ಎರಡು ಬಿಯರ್, ಅಷ್ಟೇ ನನ್ನ ಕುಡಿತ. ಒಂದು ದಿನ ಡಾಕ್ಟರು ನನ್ನ ಲಿವರ್ ರಿಪೋರ್ಟ್ ನೋಡುತ್ತಾ ನೋಡುತ್ತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಬಾಯಿ ಬಿಡುವ ಮೊದಲೇ ನನಗೆ ಅರ್ಥವಾಯಿತು. ಬಿಟ್ಟೆ. ಮೊದಲ ಎರಡು ವಾರ ಸಂಜೆಯಾದರೆ ಕೈ ಎಲ್ಲಿಡಬೇಕು ಅಂತ ಗೊತ್ತಾಗುತ್ತಿರಲಿಲ್ಲ, ಆಮೇಲೆ ಸರಿಹೋಯಿತು. (ದಿನಾ ಜಾಸ್ತಿ ಕುಡಿಯುವವರು ನನ್ನ ಹಾಗೆ ದಿಢೀರಂತ ಬಿಡಬೇಡಿ, ಡಾಕ್ಟರ ಹತ್ತಿರ ಮಾತಾಡಿಯೇ ಬಿಡಿ. ಅಂಥವರಿಗೆ ಒಮ್ಮೆಲೇ ನಿಲ್ಲಿಸುವುದು ಅಪಾಯ.)

ಬಿಯರ್ ಬಿಟ್ಟರೆ ತೂಕ ತಾನಾಗೇ ಇಳಿಯುತ್ತದೆ ಅಂತ ಲೆಕ್ಕ ಹಾಕಿದ್ದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲರಿ, ಒಂದು ಗ್ರಾಂ ಎಣ್ಣೆಯಲ್ಲಿ 9, ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7. ಅಂದರೆ ಆಲ್ಕೋಹಾಲ್ ಸಕ್ಕರೆಗಿಂತ ಎಣ್ಣೆಗೇ ಹತ್ತಿರ. ಶೇಕಡಾ 5ರ ಬಿಯರ್ 330 ಎಂಎಲ್ ಕುಡಿದರೆ ಸುಮಾರು 13 ಗ್ರಾಂ ಆಲ್ಕೋಹಾಲ್ ಒಳಗೆ ಹೋಗುತ್ತದೆ. ಅದರಿಂದಲೇ 90 ಕ್ಯಾಲರಿ, ಉಳಿದದ್ದೆಲ್ಲ ಸೇರಿದರೆ 140ರ ಆಸುಪಾಸು. ವಾರಕ್ಕೆ ಆರು ಬಿಯರ್ ಅಂದರೆ 800 ಚಿಲ್ಲರೆ. ಅಷ್ಟು ಕಡಿಮೆ ಮಾಡಿದವನು ಸಣ್ಣ ಆಗಲೇಬೇಕು, ಅಲ್ವಾ?

ಮೂರು ತಿಂಗಳ ನಂತರ ತಕ್ಕಡಿ ಹತ್ತಿದರೆ ಒಂದೂವರೆ ಕೆಜಿ ಜಾಸ್ತಿಯಾಗಿದ್ದೆ.

ಮೊದಲು ತಕ್ಕಡಿಯನ್ನೇ ಅನುಮಾನಿಸಿದೆ. ಅದನ್ನು ಎರಡು ಕಡೆ ಇಟ್ಟು ನೋಡಿದೆ. ಆಮೇಲೆ ಒಂದು ಸಂಜೆ ನನ್ನನ್ನೇ ನಾನು ಗಮನಿಸಿದೆ. ಬಿಯರ್ ಬದಲು ಸೋಡಾ ಕ್ಯಾನ್ ತರುತ್ತಿದ್ದೆ, ಬರೀ ಸೋಡಾ, ಸಕ್ಕರೆ ಇಲ್ಲದ್ದು. ಅದೇ ಹೊತ್ತು, ಅದೇ ಕುರ್ಚಿ. ಫ್ರಿಜ್ಜಿನ ಬಾಗಿಲು ತೆಗೆದೆ. ಕ್ಯಾನಿನ ತಣ್ಣನೆಯ ಮೈ ಬೆರಳಿಗೆ ತಾಗಿತು. ಉಗುರು ಹಾಕಿ ಕೊಂಡಿ ಎತ್ತಿದೆ. ಟಿಸ್ಸ್. ಆ ಸದ್ದು ಮುಗಿಯುವ ಮೊದಲೇ ಎಡಗೈ ಮೇಲಿನ ಕಪಾಟಿನ ಬಾಗಿಲಲ್ಲಿತ್ತು. ನಾನು ಚಿಪ್ಸ್ ಬೇಕು ಅಂತ ಯೋಚಿಸಿರಲಿಲ್ಲ. ಹಸಿವಂತೂ ಇರಲೇ ಇಲ್ಲ, ಊಟ ಮಾಡಿ ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಆದರೆ ನಾಲಿಗೆಯ ಎರಡೂ ಪಕ್ಕದಲ್ಲಿ ನೀರೂರಿತ್ತು, ಹಲ್ಲಿಗೆ ಏನಾದರೂ ಕುರುಕಲು ಬೇಕು ಅಂತ ಅನಿಸುತ್ತಿತ್ತು, ಅದೂ ಉಪ್ಪುಪ್ಪಾಗಿ, ಎಣ್ಣೆ ಎಣ್ಣೆಯಾಗಿ. ಹಣ್ಣು ಇತ್ತು ಎದುರಿಗೇ, ಅದರ ಕಡೆ ಕಣ್ಣು ಹೋಗಲಿಲ್ಲ.

ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಿಮಗೆ ಹಸಿವಾಗೋದು ಹೊಟ್ಟೆಯಲ್ಲಲ್ಲ ರೀ, ಕಿವಿಯಲ್ಲಿ" ಅಂದಳು.

ಅವಳು ತಮಾಷೆಗೆ ಹೇಳಿದ್ದು. ನನಗೆ ಅದು ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಅವತ್ತಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಮತ್ತು ಅವಳು ಹೇಳಿದ್ದು ಹೆಚ್ಚುಕಡಿಮೆ ಅಕ್ಷರಶಃ ನಿಜ.

1983ರಲ್ಲಿ ಹಾರ್ವೆ ವೈನ್‌ಗಾರ್ಟನ್ ಅನ್ನುವವರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹಸಿದ ಇಲಿಗಳಿಗೆ ಒಂದು ಬಜರ್ ಸದ್ದು ಮತ್ತು ಒಂದು ದೀಪದ ಜೊತೆ ರುಚಿಯಾದ ದ್ರವ ಆಹಾರ ಕೊಡುತ್ತಾ ಬಂದರು. ದಿನಗಳಾದ ಮೇಲೆ ಇಲಿಗಳಿಗೆ ಬೇಕಾದಷ್ಟು ತಿನ್ನಲು ಬಿಟ್ಟರು, ಹೊಟ್ಟೆ ಬಿರಿಯುವಷ್ಟು. ಆಮೇಲೆ ಸುಮ್ನೆ ಬಜರ್ ಬಾರಿಸಿದರು. ಹೊಟ್ಟೆ ತುಂಬಿದ ಇಲಿಗಳು ಎದ್ದು ಹೋಗಿ ಮತ್ತೆ ತಿಂದವು. ಹಸಿವು ಆಗಿದ್ದಕ್ಕೆ ತಿಂದದ್ದಲ್ಲ. ಸದ್ದು ಆಗಿದ್ದಕ್ಕೆ ತಿಂದದ್ದು. ಅದನ್ನು ಓದಿದಾಗ ನನ್ನ ಕುರ್ಚಿ, ನನ್ನ ಕಪಾಟು, ನನ್ನ ಎಡಗೈ ಎಲ್ಲ ಕಣ್ಣ ಮುಂದೆ ಬಂತು. ಇಲಿಗೂ ನನಗೂ ಒಂದೇ ವ್ಯತ್ಯಾಸ, ನನ್ನ ಬಜರ್‌ಗೆ ನಾನೇ ದುಡ್ಡು ಕೊಟ್ಟು ತರುತ್ತೇನೆ.

ಇದರ ಮೂಲಕ್ಕೆ ಹೋದರೆ ರಷ್ಯಾದ ವಿಜ್ಞಾನಿ ಪಾವ್ಲೋವ್ ಸಿಗುತ್ತಾರೆ. ಊಟಕ್ಕೆ ಮೊದಲು ಸದ್ದು ಕೇಳಿ ಕೇಳಿ, ಕೊನೆಗೆ ಬರೀ ಸದ್ದಿಗೇ ಜೊಲ್ಲು ಸುರಿಸಿದ ಅವರ ನಾಯಿಗಳ ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಅದನ್ನು ಮತ್ತೆ ಹೇಳಲ್ಲ. ಒಂದೇ ಮಾತು: ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಮನಸ್ಸಿನ ಬಗ್ಗೆ ಮಾಡಿದ ಕೆಲಸಕ್ಕಲ್ಲ, ಜೀರ್ಣಕ್ರಿಯೆಯ ಬಗ್ಗೆ ಮಾಡಿದ ಕೆಲಸಕ್ಕೆ. ನನಗೆ ಇದು ಮುಖ್ಯ ಅನಿಸುತ್ತದೆ. ಯಾಕೆಂದರೆ ನಾವು ಚಪಲ ಅಂದ ತಕ್ಷಣ ಅದನ್ನು ಗುಣದ ಲೆಕ್ಕಕ್ಕೆ ಹಾಕುತ್ತೇವೆ, ಅವನಿಗೆ ಬಾಯಿ ಕಟ್ಟಲಿಕ್ಕಾಗಲ್ಲ ಅಂತ. ಆದರೆ ಜೊಲ್ಲು, ಹೊಟ್ಟೆಯ ರಸ, ಇನ್ಸುಲಿನ್ ಇವೆಲ್ಲ ಊಟ ಬಾಯಿಗೆ ಬೀಳುವ ಮೊದಲೇ, ಬರೀ ವಾಸನೆಗೆ, ಬರೀ ನೋಟಕ್ಕೆ ಶುರುವಾಗಬಲ್ಲವು. ದೇಹ ಅತಿಥಿ ಬರುವ ಮೊದಲೇ ಎಲೆ ಹಾಕಿ ಕೂತಿರುತ್ತದೆ. ಎಲೆ ಹಾಕಿದ ಮೇಲೆ ಊಟ ಬರದಿದ್ದರೆ ಹೇಗನಿಸುತ್ತದೆ? ಅದೇ ನನ್ನ ಸಂಜೆ.

ಸರಿ, ಊಟದ ಸನ್ನೆಗೆ ಊಟದ ಆಸೆ ಹುಟ್ಟುವುದು ಅರ್ಥವಾಗುತ್ತದೆ. ಕುಡಿತದ ಸನ್ನೆಗೆ ತಿನ್ನುವ ಆಸೆ ಯಾಕೆ?

ನನ್ನ ಮಟ್ಟಿಗೆ ಉತ್ತರ ಸರಳ. ಹದಿನೈದು ವರ್ಷ ನಾನು ಬಿಯರನ್ನು ಒಂಟಿಯಾಗಿ ಕುಡಿದೇ ಇಲ್ಲ. ನಂಚಿಕೊಳ್ಳಲು ಏನಾದರೂ ಇದ್ದೇ ಇರುತ್ತಿತ್ತು. ಚಿಪ್ಸ್, ಕಡಲೆಬೀಜ, ಕರಿದದ್ದು. ವಾರಕ್ಕೆ ಮೂರರಂತೆ ಹದಿನೈದು ವರ್ಷ ಅಂದರೆ ಎರಡು ಸಾವಿರಕ್ಕೂ ಹೆಚ್ಚು ಸಂಜೆ. ಆ ಇಲಿಗಳಿಗೆ ಅಷ್ಟು ಪಾಠ ಯಾರೂ ಮಾಡಿರಲಿಲ್ಲ. ಗ್ಲಾಸು ಮತ್ತು ತಟ್ಟೆ ನನ್ನ ಮೈಯಲ್ಲಿ ಎರಡು ವಸ್ತುವಾಗಿ ಉಳಿದೇ ಇಲ್ಲ, ಒಂದೇ ವಸ್ತುವಿನ ಎರಡು ಕಿವಿ. ಒಂದನ್ನು ಹಿಡಿದರೆ ಇನ್ನೊಂದು ಜೊತೆಗೇ ಮೇಲೆ ಬರುತ್ತದೆ. ಹಿಂದುಮುಂದಾಗಿಯೂ ಹಾಗೇ. ಬಿಟ್ಟ ಹೊಸತರಲ್ಲಿ ಖಾರದ ಕಡಲೆಬೀಜ ಬಾಯಿಗೆ ಹಾಕಿಕೊಂಡರೆ ಬಿಯರ್ ನೆನಪು ಬರುತ್ತಿತ್ತು. ಉಪ್ಪು ತಿಂದವನಿಗೆ ಬಾಯಾರಿಕೆ ಆಗುತ್ತದೆ, ಬಾಯಾರಿದವನು ಮತ್ತೊಂದು ತರಿಸುತ್ತಾನೆ. ಬಾರಿನ ಮೇಜಿನ ಮೇಲೆ ಕೇಳದೇ ಬಂದು ಕೂರುವ ಬಟ್ಟಲು ಯಾಕೆ ಯಾವಾಗಲೂ ಉಪ್ಪಿನದೇ ಅಂತ ಒಮ್ಮೆ ಯೋಚಿಸಿ ನೋಡಿ.

ಆದರೆ ಬರೀ ಅಭ್ಯಾಸ ಅಂತ ಹೇಳಿ ಮುಗಿಸಿಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಆಲ್ಕೋಹಾಲ್‌ಗೇ ಒಂದು ಕೈವಾಡ ಇದೆ. ಊಟಕ್ಕೆ ಮೊದಲು ಕುಡಿಯುವ ಮದ್ಯಕ್ಕೆ ಫ್ರೆಂಚರು ಅಪೆರಿಟಿಫ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ 'ತೆರೆಯುವುದು' ಅನ್ನುವ ಮಾತಿನಿಂದ ಬಂದ ಹೆಸರು. ಹಸಿವಿನ ಬಾಗಿಲು ತೆರೆಯುವುದು ಅಂತ. ಹೆಸರು ಸುಮ್ನೆ ಬಂದದ್ದಲ್ಲ. ತಿಂಡಿಯಿಂದ 150 ಕ್ಯಾಲರಿ ಒಳಗೆ ಹೋದರೆ ದೇಹ ಸಾಮಾನ್ಯವಾಗಿ ಸ್ವಲ್ಪವಾದರೂ ಲೆಕ್ಕ ಇಟ್ಟು ಮುಂದಿನ ಊಟದಲ್ಲಿ ಕಡಿಮೆ ತಿನ್ನುತ್ತದೆ. ಆಲ್ಕೋಹಾಲಿನ ಕ್ಯಾಲರಿಗೆ ಆ ಲೆಕ್ಕ ನಡೆಯುವುದಿಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಯೋಮನ್ಸ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದವರು. ಊಟಕ್ಕೆ ಮೊದಲು ಕುಡಿದವರು ಕಡಿಮೆ ತಿನ್ನುವುದಿಲ್ಲ, ಎಷ್ಟೋ ಸಲ ಜಾಸ್ತಿಯೇ ತಿನ್ನುತ್ತಾರೆ. ತಮಾಷೆ ಏನೆಂದರೆ ಹಸಿವಿನ ಹಾರ್ಮೋನ್ ಅಂತ ಕರೆಯುವ ಘ್ರೆಲಿನ್ ಕುಡಿದ ಮೇಲೆ ಏರುವುದಿಲ್ಲ, ಇಳಿಯುತ್ತದೆ. ಹೊಟ್ಟೆ ಸಾಕು ಅನ್ನುತ್ತಿದೆ, ಬೇರೆ ಯಾರೋ ಇನ್ನೂ ಬೇಕು ಅನ್ನುತ್ತಿದ್ದಾರೆ.

ಆ ಬೇರೆ ಯಾರೋ ಯಾರು ಅಂತ 2017ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯವರು ಹುಡುಕಿದರು. ಮಿದುಳಿನಲ್ಲಿ ಹಸಿವು, ಬಾಯಾರಿಕೆ ನೋಡಿಕೊಳ್ಳುವ ಹೈಪೋಥಾಲಮಸ್ ಅನ್ನುವ ಭಾಗದಲ್ಲಿ ಎಜಿಆರ್‌ಪಿ ಅನ್ನುವ ಒಂದಿಷ್ಟು ನರಕೋಶಗಳಿವೆ. ನಿಜವಾಗಿ ಉಪವಾಸ ಬಿದ್ದಾಗ ಕೂಗಾಡುವ ಕೋಶಗಳು ಅವು. ಮೈಸ್ ಅನ್ನುವ ಪುಟ್ಟ ಜಾತಿಯ ಇಲಿಗಳಿಗೆ ಮೂರು ದಿನ ಆಲ್ಕೋಹಾಲ್ ಕೊಟ್ಟಾಗ ಅವು ಜಾಸ್ತಿ ತಿಂದವು, ಮತ್ತು ಆಲ್ಕೋಹಾಲ್ ತಾಗಿದಾಗ ಇದೇ ಕೋಶಗಳು ಚುರುಕಾದವು. ಈ ಕೋಶಗಳನ್ನು ತಡೆದು ಹಿಡಿದರೆ, ಆಲ್ಕೋಹಾಲ್ ಕೊಟ್ಟರೂ ಜಾಸ್ತಿ ತಿನ್ನಲಿಲ್ಲ. ಹೊಟ್ಟೆಗೆ ಕ್ಯಾಲರಿ ಬೀಳುತ್ತಿರುವಾಗಲೇ ಮಿದುಳಿನಲ್ಲಿ ಬರಗಾಲದ ಗಂಟೆ ಬಾರಿಸುತ್ತಿದೆ ಅಂದ ಹಾಗಾಯಿತು. ಆ ಪ್ರಾಣಿಗಳಿಗೆ ಪಾರ್ಟಿ ಇಲ್ಲ, ಗೆಳೆಯರಿಲ್ಲ, ಮೇಜಿನ ಮೇಲೆ ಬಟ್ಟಲಿಲ್ಲ. ಆದರೂ ತಿಂದವು.

ಅದಕ್ಕೂ ಎರಡು ವರ್ಷ ಮೊದಲು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು ಇನ್ನೊಂದು ಕೆಲಸ ಮಾಡಿದ್ದರು. 35 ಹೆಂಗಸರಿಗೆ ಆಲ್ಕೋಹಾಲನ್ನು ಬಾಯಿಂದ ಕೊಡದೆ ಡ್ರಿಪ್ ಹಾಕಿ ನೇರ ರಕ್ತಕ್ಕೇ ಕೊಟ್ಟರು. ಇನ್ನೊಂದು ದಿನ ಅವರಿಗೇ ಬರೀ ಉಪ್ಪುನೀರಿನ ಡ್ರಿಪ್. ರುಚಿ ಇಲ್ಲ, ಗ್ಲಾಸಿಲ್ಲ, ಹೊಟ್ಟೆಯ ಸಂಗತಿಯೇ ಇಲ್ಲ. ಸ್ಕ್ಯಾನರ್ ಒಳಗೆ ಮಲಗಿಸಿ ಮಾಂಸದ ಅಡುಗೆಯ ವಾಸನೆ ಬಿಟ್ಟಾಗ, ಆಲ್ಕೋಹಾಲ್ ದಿನ ಹೈಪೋಥಾಲಮಸ್ ಆ ವಾಸನೆಗೆ ಜಾಸ್ತಿ ಸ್ಪಂದಿಸಿತು. ಆಮೇಲೆ ಊಟ ಕೊಟ್ಟರೆ ಸರಾಸರಿಯಲ್ಲಿ ಸ್ವಲ್ಪ ಜಾಸ್ತಿ ತಿಂದರು. ಎಲ್ಲರೂ ಅಲ್ಲ, ಕೆಲವರು ಕಡಿಮೆ ತಿಂದರು. ಈ ಕೆಲವರ ವಿಷಯ ಯಾರೂ ಹೇಳುವುದಿಲ್ಲ, ನನಗೆ ಅದೇ ಇಷ್ಟವಾಯಿತು. ಒಂದೇ ಡ್ರಿಪ್ ಎಲ್ಲರನ್ನೂ ಒಂದೇ ಕಡೆ ತಳ್ಳುವುದಿಲ್ಲ.

ಸರಿ, ಇದೆಲ್ಲ ಕುಡಿದವರ ಕಥೆ. ನಾನು ಕುಡಿಯದೇ 11 ತಿಂಗಳಾಯಿತಲ್ಲ! ನನ್ನ ರಕ್ತದಲ್ಲಿ ಒಂದು ಹನಿ ಇಲ್ಲ. ನನ್ನನ್ನು ಕಪಾಟಿನ ಕಡೆ ಕಳಿಸುತ್ತಿರುವುದು ಯಾರು?

ಇದಕ್ಕೆ ನನಗೆ ಸಿಕ್ಕ ಅತ್ಯಂತ ಚೆಂದದ ಉತ್ತರ 2013ರದ್ದು, ಅದೂ ಇಂಡಿಯಾನಾದವರದೇ. 49 ಗಂಡಸರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಅವರ ನಾಲಿಗೆಗೆ ಬಿಯರ್ ಚಿಮುಕಿಸಿದರು. 15 ನಿಮಿಷದಲ್ಲಿ ಬರೀ 15 ಎಂಎಲ್. ಅಂದರೆ ಒಂದು ಟೇಬಲ್ ಚಮಚ. ಅಷ್ಟಕ್ಕೆ ಯಾರಿಗೂ ಅಮಲೇರುವುದಿಲ್ಲ. ಆದರೂ ಮಿದುಳಿನ ಬಹುಮಾನದ ಜಾಗದಲ್ಲಿ ಡೋಪಮೀನ್ ಅನ್ನುವ ರಾಸಾಯನಿಕ ಏರಿತು. ಇನ್ನೊಂದು ಸಲ ಅದೇ ರೀತಿ ಕ್ರೀಡಾಪಟುಗಳು ಕುಡಿಯುವ ಪಾನೀಯ ಚಿಮುಕಿಸಿದಾಗ ಅಷ್ಟು ಏರಲಿಲ್ಲ. ಮನೆತನದಲ್ಲಿ ಕುಡಿತದ ಚಟ ಇದ್ದವರಲ್ಲಿ ಇನ್ನೂ ಜೋರಾಗಿ ಏರಿತು. ಬರೀ ರುಚಿ. ಅಮಲಿಲ್ಲ, ಅಮಲಿನ ಸುದ್ದಿ ಮಾತ್ರ. ಸುದ್ದಿಗೇ ಮನೆಯಲ್ಲಿ ಸಂಭ್ರಮ.

ಡೋಪಮೀನ್ ಅಂದರೆ ಸುಖದ ರಾಸಾಯನಿಕ ಅಂತ ಎಲ್ಲರೂ ಬರೆಯುತ್ತಾರೆ, ನಾನೂ ಹಾಗೇ ನಂಬಿದ್ದೆ. ಅದು ಅಷ್ಟು ಸರಿಯಲ್ಲ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಜ್ ಅನ್ನುವ ನರವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಡುತ್ತಾ ಅವುಗಳ ಡೋಪಮೀನ್ ಕೋಶಗಳನ್ನು ಆಲಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಕೋಶ ಚಿಮ್ಮುತ್ತಿತ್ತು. ರಸಕ್ಕೆ ಮೊದಲು ಒಂದು ದೀಪ ಹತ್ತುತ್ತದೆ ಅಂತ ಕೋತಿ ಕಲಿತ ಮೇಲೆ, ದೀಪ ಹತ್ತಿದಾಗಲೇ ಚಿಮ್ಮುತ್ತದೆ, ರಸ ಬಿದ್ದಾಗ ಸುಮ್ಮನಿರುತ್ತದೆ. ದೀಪ ಹತ್ತಿ ರಸ ಬರದೇ ಹೋದರೆ, ಬರಬೇಕಾದ ಹೊತ್ತಿಗೆ ಸರಿಯಾಗಿ ಕೋಶ ಕುಸಿಯುತ್ತದೆ. ಆ ಕುಸಿತ ನನಗೆ ಚೆನ್ನಾಗಿ ಗೊತ್ತು. ಸೋಡಾದ ಮೊದಲ ಗುಟುಕು ಅದು. ಸದ್ದು ಬಂತು, ತಣ್ಣಗೆ ಗಂಟಲಿಗೆ ಇಳಿಯಿತು, ಗುಳ್ಳೆ ಮೂಗಿಗೇರಿತು, ಆಮೇಲೆ ಬರಬೇಕಾದದ್ದು ಬರಲಿಲ್ಲ. ಆ ಖಾಲಿ ಜಾಗದಲ್ಲಿ ಏನಾದರೂ ತುಂಬಬೇಕು. ಕಪಾಟಿನಲ್ಲಿ ತುಂಬಲು ಇದೆ. ಜೋಡಿಯಲ್ಲಿ ಒಂದು ಹೋದರೂ ಇನ್ನೊಂದು ಸಿಗುತ್ತದಲ್ಲ ಅಂತ ಮೈ ರಾಜಿ ಮಾಡಿಕೊಳ್ಳುತ್ತದೆ. ಕೊನೆಯ ಮಾತು ವಿಜ್ಞಾನದ್ದಲ್ಲ, ನನ್ನ ಊಹೆ. ಆದರೆ ನನ್ನ ಮೈಯನ್ನು ನಾನಲ್ಲದೆ ಯಾರು ಊಹಿಸಬೇಕು?

ನಂಬಿಕೆಯ ಪಾಲನ್ನೂ ಹೇಳಲೇಬೇಕು. 1973ರಲ್ಲಿ ಮನೋವಿಜ್ಞಾನಿ ಅಲನ್ ಮಾರ್ಲಟ್ ಮತ್ತು ಜೊತೆಗಾರರು ಕುಡಿತದ ಚಟ ಇದ್ದವರಿಗೂ ಇಲ್ಲದವರಿಗೂ ಒಂದು ಆಟ ಆಡಿಸಿದರು. ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್ (ಔಷಧಿಯಲ್ಲ, ಸ್ವಲ್ಪ ಕಹಿಯಾದ ಸೋಡಾ), ಕೆಲವರಿಗೆ ಬರೀ ಟಾನಿಕ್. ಆದರೆ ಅವರಲ್ಲಿ ಕೆಲವರಿಗೆ ಹೇಳಿದ್ದು ಬೇರೆ, ಕೊಟ್ಟದ್ದು ಬೇರೆ. ವೋಡ್ಕಾ ಇದೆ ಅಂತ ನಂಬಿದವರು ಜಾಸ್ತಿ ಕುಡಿದರು, ಒಳಗೆ ಬರೀ ಟಾನಿಕ್ ಇದ್ದಾಗಲೂ. ಬರೀ ಟಾನಿಕ್ ಅಂತ ನಂಬಿದವರು ಕಡಿಮೆ ಕುಡಿದರು, ಒಳಗೆ ವೋಡ್ಕಾ ಇದ್ದಾಗಲೂ. ತಿನ್ನುವುದರಲ್ಲೂ ಇಂಥದೊಂದು ಪರವಾನಗಿ ಇದೆ ಅಂತ ನನ್ನ ಅನುಭವ. "ಇವತ್ತು ಕುಡಿಯುತ್ತಿದ್ದೇನೆ" ಅನ್ನುವುದೇ ಒಂದು ರಜೆ ಚೀಟಿ. ರಜೆ ದಿನ ಯಾರು ಕ್ಯಾಲರಿ ಎಣಿಸುತ್ತಾರೆ? ನನ್ನ ಗೆಳೆಯನೊಬ್ಬ ಇದ್ದಾನೆ, ಬೆಳಿಗ್ಗೆ ಓಟ್ಸನ್ನು ತೂಕ ಮಾಡಿ ತಿನ್ನುತ್ತಾನೆ, ರಾತ್ರಿ ಎರಡು ಪೆಗ್ ಒಳಗೆ ಹೋದರೆ ಕರಿದ ಕೋಳಿಯ ಮೂಳೆಯನ್ನೂ ಬಿಡುವುದಿಲ್ಲ, ಮರುದಿನ ಮತ್ತೆ ಓಟ್ಸು, ಮತ್ತೆ ತೂಕ. ಬಾಯಿ ಕಟ್ಟಿ ಬದುಕುವವರಿಗೇ ಕಟ್ಟು ಬಿಚ್ಚಿದಾಗ ಜಾಸ್ತಿ ಬೇಕಾಗುತ್ತದೆ.

ಸನ್ನೆ ಅಂದರೆ ಬರೀ ಸದ್ದು, ವಾಸನೆ ಮಾತ್ರ ಅಲ್ಲ, ಚಿತ್ರ ಕೂಡ ಸನ್ನೆಯೇ. 2009ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 7ರಿಂದ 11 ವಯಸ್ಸಿನ ಮಕ್ಕಳಿಗೆ ಕಾರ್ಟೂನ್ ತೋರಿಸಿದರು, ನಡುವೆ ಜಾಹೀರಾತು. ತಿಂಡಿಯ ಜಾಹೀರಾತು ನೋಡಿದ ಮಕ್ಕಳು ಬೇರೆ ಜಾಹೀರಾತು ನೋಡಿದವರಿಗಿಂತ ಶೇಕಡಾ 45ರಷ್ಟು ಜಾಸ್ತಿ ಕುರುಕಲು ತಿಂದರು. ಎದುರಿಗಿದ್ದದ್ದು ಜಾಹೀರಾತಿನ ತಿಂಡಿಯಲ್ಲ, ಬೇರೆಯದು. ಆಸೆಗೆ ವಿಳಾಸ ಸರಿಯಾಗಿ ಗೊತ್ತಿರುವುದಿಲ್ಲ, ಹತ್ತಿರ ಇರುವ ಬಾಗಿಲು ತಟ್ಟುತ್ತದೆ. ಅಲ್ಲಿಗೆ, ನೊರೆ ಉಕ್ಕುವ ಗ್ಲಾಸಿನ ಚಿತ್ರ ನೋಡಿ ಚಿಪ್ಸಿಗೆ ಕೈ ಹಾಕುವುದರಲ್ಲಿ ಆಶ್ಚರ್ಯ ಏನಿದೆ?

ಇಷ್ಟೆಲ್ಲ ಓದಿಕೊಂಡು ಏನು ಮಾಡಿದೆ ಅಂತ ಕೇಳಬಹುದು. ಮೊದಲು ದಡ್ಡತನ ಮಾಡಿದೆ, ಹಲ್ಲು ಕಚ್ಚಿ ಕೂತೆ. ಅದೇ ಕುರ್ಚಿ, ಅದೇ ಗ್ಲಾಸು, ಅದೇ ಸೋಡಾ, ಪಕ್ಕದಲ್ಲಿ ತಟ್ಟೆ ಇಲ್ಲ. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಇಡೀ ಪ್ಯಾಕೆಟ್ ಖಾಲಿ ಮಾಡಿದೆ, ಕೊನೆಗೆ ಮೂಲೆಯಲ್ಲಿದ್ದ ಉಪ್ಪಿನ ಪುಡಿಗೆ ಬೆರಳು ಒದ್ದೆ ಮಾಡಿ ಅದ್ದಿ ನೆಕ್ಕಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದೆ. ಪಾವ್ಲೋವ್ ಇದನ್ನೂ ನೋಡಿದ್ದರು. ಸದ್ದು ಮಾಡಿ ಊಟ ಕೊಡದೇ ಇದ್ದರೆ ನಾಯಿಯ ಜೊಲ್ಲು ನಿಧಾನಕ್ಕೆ ನಿಲ್ಲುತ್ತದೆ, ಆದರೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಸದ್ದು ಮಾಡಿದರೆ ಜೊಲ್ಲು ವಾಪಸ್ ಬರುತ್ತದೆ. ಹಳೆಯ ಪಾಠ ಅಳಿಸುವುದಿಲ್ಲ, ಅದರ ಮೇಲೆ ಹೊಸ ಪಾಠ ಬರೆದಿರುತ್ತದೆ ಅಷ್ಟೇ. ಜಾಗ ಬದಲಾದರೆ ಹೊಸ ಪಾಠ ಮರೆತು ಹಳೆಯದು ಮೇಲೆ ಬರುತ್ತದೆ. ಇದೂ ನನಗಾಯಿತು. ಮನೆಯಲ್ಲಿ ಸುಮಾರು ಹತೋಟಿಗೆ ಬಂದ ಮೇಲೆ ಒಂದು ದಿನ ಗೆಳೆಯರ ಜೊತೆ ಬಾರಿಗೆ ಹೋದೆ, ನಾನು ಬರೀ ನೀರು ಕುಡಿದೆ, ಅವರೆಲ್ಲರೂ ತರಿಸಿದ ತಟ್ಟೆಗಳನ್ನು ನಾನೊಬ್ಬನೇ ಮುಗಿಸಿದೆ. ಅವರಲ್ಲಿ ಒಬ್ಬ ಬಿಲ್ ನೋಡಿ, "ಕುಡಿಯದವನೇ ದುಬಾರಿ ಕಣೋ" ಅಂದ.

ಕೊನೆಗೆ ಕೆಲಸಕ್ಕೆ ಬಂದದ್ದು ಕಾಫಿ ಮಗ್. ಸೋಡಾವನ್ನು ಗಾಜಿನ ಗ್ಲಾಸು ಬಿಟ್ಟು ಕಾಫಿ ಮಗ್ಗಿಗೆ ಹಾಕಿಕೊಂಡೆ. ದಪ್ಪ ಅಂಚು, ಹಿಡಿಕೆ, ಒಳಗೆ ಕಾಣದ ಗುಳ್ಳೆ. ಕುರ್ಚಿ ಬಿಟ್ಟು ಕಿಟಕಿ ಪಕ್ಕ ನಿಂತೆ. ಸತ್ಯ ಹೇಳುತ್ತೇನೆ, ಸೋಡಾ ಮಗ್ಗಿನಲ್ಲಿ ತುಂಬಾ ಪೆದ್ದಾಗಿರುತ್ತದೆ. ಪೆದ್ದಾಗಿರುವುದೇ ಅದರ ಗುಣ. ಕಾಫಿ ಮಗ್ ಹಿಡಿದ ಕೈಗೆ ಚಿಪ್ಸ್ ನೆನಪಾಗುವುದಿಲ್ಲ, ಆ ಎರಡಕ್ಕೂ ಯಾವತ್ತೂ ಪರಿಚಯ ಮಾಡಿಸಿಲ್ಲ. ಕ್ಯಾನಿನ ಸದ್ದೊಂದು ಉಳಿದಿತ್ತು. ಅದಕ್ಕೆ ಕ್ಯಾನನ್ನು ಬಾಲ್ಕನಿಗೆ ಒಯ್ದು, ಬಾಗಿಲು ಎಳೆದುಕೊಂಡು, ಹೊರಗಿನ ಗದ್ದಲದಲ್ಲಿ ತೆರೆದು ಮಗ್ಗಿಗೆ ಸುರಿದುಕೊಂಡು ಬರುತ್ತಿದ್ದೆ. ಕಳ್ಳತನದಲ್ಲಿ ಸೋಡಾ ಕುಡಿಯುವ ಏಕೈಕ ಮನುಷ್ಯ ನಾನೇ ಇರಬೇಕು. ಕಪಾಟಿನ ಆ ಜಾಗದಲ್ಲಿ ಈಗ ಹೆಂಡತಿ ಮೇಣದಬತ್ತಿ, ಬ್ಯಾಟರಿ ಇಟ್ಟಿದ್ದಾಳೆ. ತೂಕ ಎರಡು ಕೆಜಿ ಇಳಿದಿದೆ, ಹೇಳಿಕೊಳ್ಳುವಂಥದ್ದೇನಲ್ಲ.

ಮೊನ್ನೆ ರಾತ್ರಿ ಮರೆತು ಕ್ಯಾನನ್ನು ಅಡುಗೆಮನೆಯಲ್ಲೇ ತೆರೆದೆ. ಟಿಸ್ಸ್. ನನ್ನ ಕೈ ಸುಮ್ಮನಿತ್ತು, ಒಳಗೊಳಗೇ ಖುಷಿಪಟ್ಟೆ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಪೆನ್ಸಿಲ್ ಹಿಡಿದುಕೊಂಡೇ ಬಂದಳು. ಎಂಟು ವರ್ಷ ಅವಳಿಗೆ. ನಾನು ಕುಡಿಯುತ್ತಿದ್ದ ದಿನಗಳಲ್ಲಿ ಕುರ್ಚಿಯ ತೋಳಿನ ಮೇಲೆ ಕೂತು ನನ್ನ ಬಟ್ಟಲಿನಿಂದ ಒಂದೊಂದೇ ಕಡಲೆಬೀಜ ಹೆಕ್ಕುತ್ತಿದ್ದವಳು. ಬಂದವಳು ನನ್ನ ಕಡೆ ನೋಡಲಿಲ್ಲ, ಮೇಲಿನ ಕಪಾಟಿನ ಕಡೆ ನೋಡಿದಳು.

"ಯಾಕೆ ಪುಟ್ಟಿ, ಹಸಿವಾಯ್ತಾ?"

"ಇಲ್ಲಪ್ಪಾ" ಅಂದಳು. ಸ್ವಲ್ಪ ಹೊತ್ತು ನಿಂತಳು. "ಸುಮ್ನೆ ಬಂದೆ."